ಹತ್ತನೆಯ ವರ್ಷದ ಪ್ರಶ್ನೆ

2018ರ ಫೆಬ್ರುವರಿಯಲ್ಲಿ ಚೆನ್ನೈನ ಸ್ಟಾನ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಬಡವರಿಗೆ ಉಚಿತವಾಗಿ ಸೌಂದರ್ಯ ಶಸ್ತ್ರಚಿಕಿತ್ಸೆ ಮಾಡಲು ಒಂದು ಕ್ಲಿನಿಕ್ ತೆರೆಯಿತು. ಸ್ತನದ ಗಾತ್ರ ಹೆಚ್ಚಿಸುವುದು, ಕುಗ್ಗಿಸುವುದು ಎರಡೂ ಅದರಲ್ಲಿ ಸೇರಿದ್ದವು. ಈ ಚಿಕಿತ್ಸೆ ಬಡವರಿಗೆ ಯಾಕೆ ಸಿಗಬಾರದು, ನಾವು ಕೊಡದಿದ್ದರೆ ಅವರು ಸಾಲ ಮಾಡಿಯೋ ಅಪಾಯದ ದಾರಿ ಹಿಡಿದೋ ಮಾಡಿಸಿಕೊಳ್ಳುತ್ತಾರೆ ಎಂಬುದು ಆಗಿನ ಆರೋಗ್ಯ ಸಚಿವ ಸಿ. ವಿಜಯಭಾಸ್ಕರ್ ಅವರ ವಾದ. ಜೀವ ಉಳಿಸುವ ಕೆಲಸವೇ ಬೆಟ್ಟದಷ್ಟಿರುವಾಗ ಅಂದಚೆಂದಕ್ಕೆ ಸರ್ಕಾರಿ ಹಣವೇ ಎಂದು ಸಾರ್ವಜನಿಕ ಆರೋಗ್ಯ ಕ್ಷೇತ್ರದ ಹಿರಿಯರು ಬೇಸರಪಟ್ಟರು. ಸುದ್ದಿ ವಿದೇಶದ ಪತ್ರಿಕೆಗಳವರೆಗೂ ಹೋಯಿತು.

ನಮ್ಮ ಮೆಟ್ಟೂರಿನ ಜಲಾಶಯಕ್ಕೂ ಸ್ಟಾನ್ಲಿಯದೇ ಹೆಸರು. ಮದ್ರಾಸ್ ಗವರ್ನರ್ ಆಗಿದ್ದ ಜಾರ್ಜ್ ಫ್ರೆಡರಿಕ್ ಸ್ಟಾನ್ಲಿ, ಆಸ್ಪತ್ರೆಗೂ ಅವನೇ, ಕಾವೇರಿಯ ನೀರಿಗೂ ಅವನೇ. ಹೆಸರು ಹತ್ತಿರದ್ದಾದರೂ ಆಸ್ಪತ್ರೆ ದೂರದ್ದು. ಮೆಟ್ಟೂರಿನಿಂದ ಚೆನ್ನೈ ಅಂದರೆ ಒಂದು ರಾತ್ರಿಯ ಪ್ರಯಾಣ. ಆ ದೂರದ ಮಾತನ್ನು ಅಂದಿನ ಚರ್ಚೆಯಲ್ಲಿ ನಾನು ಕೇಳಲಿಲ್ಲ. ಬಡವರಿಗೆ ಚೆಲುವು ಬೇಕೇ ಬೇಡವೇ ಎಂಬಲ್ಲಿಗೇ ಮಾತು ನಿಂತಿತು. ಬೇಕು ಎಂದವಳ ಮುಂದಿನ ಹತ್ತು ವರ್ಷ ಹೇಗೆ ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ಈ ಆಸೆ ಸಿನಿಮಾದವರಿಗೆ ಮಾತ್ರ ಎಂದು ತಿಳಿಯಬೇಡಿ. ಕೊಳತ್ತೂರು, ಪೆನ್ನಾಗರದ ಕಡೆಯ ಕನ್ನಡ ಮನೆಗಳಲ್ಲೂ, ಸೇಲಂನ ದೇವಾಂಗರ ಬೀದಿಗಳಲ್ಲೂ ಹೆಣ್ಣು ನೋಡುವ ದಿನ ಒಳಕೋಣೆಯಲ್ಲಿ ಹೆಂಗಸರು ಏನು ಪಿಸುಗುಟ್ಟುತ್ತಾರೆ ಎಂದು ಅಲ್ಲಿ ಬೆಳೆದವರಿಗೆ ಗೊತ್ತು. “ಮುಖ ಲಕ್ಷಣವಾಗಿದೆ, ಆದರೆ ಎದೆಯೇ ಇಲ್ಲ.” “ಗಂಡುಹುಡುಗನ ಮೈ.” ಸಮಾಧಾನ ಹೇಳುವವರದೂ ಅದೇ ಧಾಟಿ: “ಮದುವೆಯಾಗಲಿ, ಒಂದು ಮಗುವಾಗಲಿ, ಎಲ್ಲ ತುಂಬಿಕೊಳ್ಳುತ್ತೆ.” ಹುಡುಗಿ ಇದನ್ನು ಕೇಳಿಸಿಕೊಂಡೂ ಕೇಳದವಳಂತೆ ಕಾಫಿ ತಟ್ಟೆ ಎತ್ತಿಕೊಂಡು ಹೋಗುತ್ತಾಳೆ. ಆಮೇಲೆ ಶುರುವಾಗುವುದು ಎಣ್ಣೆ, ಕ್ರೀಮು, ಅಂಚೆಯಲ್ಲಿ ಬರುವ ಗುಳಿಗೆ. ಇವು ಯಾವುದರಿಂದಲೂ ಸ್ತನ ಬೆಳೆಯುವುದಿಲ್ಲ. ಡಾಕ್ಟರನ್ನು ಕೇಳದೆ ನುಂಗಿದ ಹಾರ್ಮೋನ್ ಗುಳಿಗೆ ಮುಟ್ಟನ್ನೇ ಏರುಪೇರು ಮಾಡೀತು.

ಸೇಲಂ ಸೀಮೆಯ ಹೆಣ್ಣಿನ ಬಗ್ಗೆ ಬರೆಯುವಾಗ ಇನ್ನೊಂದು ಮಾತು ನುಂಗಿಕೊಳ್ಳಲಾಗುವುದಿಲ್ಲ. ಹುಟ್ಟಿದ ಹೆಣ್ಣುಕೂಸನ್ನು ಕೊಲ್ಲುವುದನ್ನು ತಡೆಯಲೆಂದು ತಮಿಳುನಾಡು ಸರ್ಕಾರ 1992ರಲ್ಲಿ ತೊಟ್ಟಿಲ ಮಗು ಯೋಜನೆಯನ್ನು ಮೊದಲು ತಂದದ್ದು ಸೇಲಂ ಜಿಲ್ಲೆಯಲ್ಲಿ. ಬೇಡವಾದ ಮಗುವನ್ನು ಕೊಲ್ಲಬೇಡಿ, ತೊಟ್ಟಿಲಲ್ಲಿ ಬಿಟ್ಟುಹೋಗಿ ಎಂದು ಸರ್ಕಾರವೇ ಬೇಡಿಕೊಂಡ ನೆಲ ಇದು. ಆ ಕಾಲದಲ್ಲಿ ಹುಟ್ಟಿ ಉಳಿದ ಹುಡುಗಿಯರಿಗೆ ಈಗ ಮೂವತ್ತು ದಾಟಿದೆ. ಹುಟ್ಟಿದ ಗಳಿಗೆಯಿಂದ ತೂಗಿಸಿಕೊಂಡೇ ಬೆಳೆದವಳು ಕನ್ನಡಿಯ ಮುಂದೆ ತನ್ನ ಎದೆಯನ್ನು ತಾನೇ ತೂಗುತ್ತಿದ್ದರೆ ಅದನ್ನು ಶೋಕಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಕಾರಣಗಳೂ ಒಂದೇ ಬಗೆಯವಲ್ಲ. ಒಂದು ಕಡೆಯ ಸ್ತನ ಹುಟ್ಟಿನಿಂದಲೇ ಬೆಳೆಯದವರಿದ್ದಾರೆ. ಬಾಲ್ಯದಲ್ಲಿ ಸೀಮೆಎಣ್ಣೆ ಸ್ಟೋವಿನಿಂದ ಎದೆ ಸುಟ್ಟುಕೊಂಡವರಿದ್ದಾರೆ. ಕ್ಯಾನ್ಸರಿಗೆ ಒಂದು ಸ್ತನ ಕೊಟ್ಟು ಬಂದವರಿದ್ದಾರೆ. ತಮಿಳುನಾಡು 2008ರಲ್ಲೇ ಕಲ್ಯಾಣ ಮಂಡಳಿ ಕಟ್ಟಿಕೊಟ್ಟ ಲಿಂಗಪರಿವರ್ತಿತ ಸಮುದಾಯದಲ್ಲಿ, ಕೊನೆಗೂ ತಾನು ತಾನಾಗಿ ಕಾಣಬೇಕು ಎಂದು ಹಂಬಲಿಸುವವರಿದ್ದಾರೆ. ಯಾವ ಕಾರಣವೂ ಇಲ್ಲದೆ, ಬರೀ ನನಗೆ ಹೀಗೆ ಬೇಕು ಎನ್ನುವವಳೂ ಇದ್ದಾಳೆ. ಅವಳ ಬೇಕು ಎಂಬ ಮಾತಿಗೂ ಬೆಲೆಯಿದೆ. ಆ ಬೇಕು ಅವಳದೇ ಆಗಿರಬೇಕು ಎಂಬುದಷ್ಟೇ ನನ್ನ ಕಳಕಳಿ.

ಸಿಲಿಕೋನ್ ಚೀಲವಿಟ್ಟು ಸ್ತನದ ಗಾತ್ರ ಹೆಚ್ಚಿಸುವ ಶಸ್ತ್ರಚಿಕಿತ್ಸೆಯ ಕಥೆ ಶುರುವಾದದ್ದೇ ಬೇರೆಯವರ ಬೇಕಿನಿಂದ. 1962ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಟಿಮ್ಮಿ ಜೀನ್ ಲಿಂಡ್ಸೆ ಎಂಬಾಕೆ ಎದೆಯ ಮೇಲಿನ ಹಚ್ಚೆ ತೆಗೆಸಿಕೊಳ್ಳಲು ಆಸ್ಪತ್ರೆಗೆ ಹೋಗಿದ್ದಳು. ಸಿಲಿಕೋನ್ ಜೆಲ್ ತುಂಬಿದ ಚೀಲವನ್ನು ಆಗಷ್ಟೇ ಸಿದ್ಧಪಡಿಸಿದ್ದ ವೈದ್ಯರಾದ ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಜೆರೋ ಅದನ್ನು ಹಾಕಿಸಿಕೊಳ್ಳುತ್ತೀಯಾ ಎಂದು ಕೇಳಿದರು. ಆಕೆಗೆ ಬೇಕಿದ್ದದ್ದು ಮುಂದಕ್ಕೆ ಚಾಚಿದ ತನ್ನ ಕಿವಿಗಳನ್ನು ಸರಿಪಡಿಸಿಕೊಳ್ಳುವುದು. ಕಿವಿಯನ್ನೂ ಸರಿಮಾಡಿಕೊಡುತ್ತೇವೆ ಎಂದ ಮೇಲೆ ಒಪ್ಪಿದಳು. ಜಗತ್ತಿನ ಮೊದಲ ಸಿಲಿಕೋನ್ ಸ್ತನ ತಾನಾಗಿ ಅದನ್ನು ಬೇಡದವಳ ಮೈಯಲ್ಲಿ ಕೂತಿತು. ಇವತ್ತು ಲೋಕದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಹೆಂಗಸರು ಇದನ್ನು ಮಾಡಿಸಿಕೊಳ್ಳುತ್ತಾರೆ.

ಆಪರೇಷನ್ ಒಂದೆರಡು ಗಂಟೆಯದು. ಸ್ತನದ ಕೆಳಗಿನ ಮಡಿಕೆಯಲ್ಲಿ ಸಣ್ಣ ಗಾಯ ಮಾಡಿ, ಗ್ರಂಥಿಯ ಹಿಂದೋ ಎದೆಯ ಸ್ನಾಯುವಿನ ಹಿಂದೋ ಚೀಲವನ್ನು ಇಡುತ್ತಾರೆ. ಮೈ ಅದನ್ನು ಪರಕೀಯವೆಂದು ಗುರುತಿಸಿ ಸುತ್ತ ಒಂದು ಪೊರೆ ಕಟ್ಟುತ್ತದೆ. ಕೆಲವರಲ್ಲಿ ಆ ಪೊರೆ ಬಿಗಿದು ಸ್ತನ ಕಲ್ಲಿನಂತಾಗಿ ನೋಯುತ್ತದೆ. ಸಿಲಿಕೋನ್ ಚೀಲ ಒಳಗೇ ಒಡೆದರೂ ಅವಳಿಗೆ ಗೊತ್ತಾಗದೇ ಇರಬಹುದು. ತೊಟ್ಟಿನ ಸ್ಪರ್ಶ ಹೋಗಬಹುದು, ಹಾಲೂಡಿಸಲು ತೊಡಕಾಗಬಹುದು, ಮುಂದೆ ಮ್ಯಾಮೋಗ್ರಾಂ ತೆಗೆಯುವವರಿಗೆ ಚೀಲವಿದೆ ಎಂದು ಮೊದಲೇ ಹೇಳಬೇಕಾಗುತ್ತದೆ. ಫ್ರಾನ್ಸಿನ ಪಿಐಪಿ ಕಂಪನಿ ಕೈಗಾರಿಕೆಗೆ ಬಳಸುವ ಸಿಲಿಕೋನನ್ನೇ ಹೆಂಗಸರ ಎದೆಗೆ ತುಂಬಿದ್ದು 2010ರಲ್ಲಿ ಬಯಲಾಯಿತು. ಅಪರೂಪದ ಒಂದು ಬಗೆಯ ಲಿಂಫೋಮಾ ಕ್ಯಾನ್ಸರಿನ ನಂಟು ಕಂಡುಬಂದು, ಅಲರ್ಗನ್ ಕಂಪನಿ ತನ್ನ ಒರಟು ಮೇಲ್ಮೈಯ ಚೀಲಗಳನ್ನು 2019ರಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು.

ಮುಖ್ಯ ಮಾತು ಇದು: ಈ ಚೀಲ ಜೀವನಪೂರ್ತಿ ಬಾಳುವಂಥದಲ್ಲ. ಗಾತ್ರ ಹೆಚ್ಚಿಸಿಕೊಂಡವರಲ್ಲಿ ಐವರಿಗೊಬ್ಬರು, ಕ್ಯಾನ್ಸರ್ ನಂತರ ಹಾಕಿಸಿಕೊಂಡವರಲ್ಲಿ ಇಬ್ಬರಿಗೊಬ್ಬರು ಹತ್ತು ವರ್ಷದೊಳಗೆ ತೆಗೆಸಬೇಕಾಗುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ ಹೇಳಿತು. ಸಿಲಿಕೋನ್ ಚೀಲವಿದ್ದವರು ಐದಾರು ವರ್ಷಕ್ಕೆ ಮೊದಲ ಸ್ಕ್ಯಾನಿಂಗ್, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು ಎಂಬುದು ಅದೇ ಸಂಸ್ಥೆಯ ಸಲಹೆ. ಮೆಟ್ಟೂರಿನವರಿಗೆ ಇದು ಬೇಗ ಅರ್ಥವಾಗಬೇಕು. ಅಣೆಕಟ್ಟೆ ಮುಗಿದದ್ದು 1934ರಲ್ಲಿ, ಆದರೆ 120 ಅಡಿಯ ಲೆಕ್ಕದಲ್ಲಿ ನೀರು ಎಷ್ಟಿದೆ ಎಂದು ಇವತ್ತಿಗೂ ದಿನಾ ಅಳೆಯುತ್ತಾರೆ, ಪತ್ರಿಕೆಯಲ್ಲಿ ಹಾಕುತ್ತಾರೆ. ಕಟ್ಟುವುದು ಒಂದು ಸಲ, ನೋಡಿಕೊಳ್ಳುವುದು ಕೊನೆಯಿಲ್ಲದ್ದು. ಮೊದಲ ಆಪರೇಷನ್ ಉಚಿತವಾದರೂ, ಸ್ನೇಹಿತೆಯರಿಂದ ಕೈಸಾಲ ತಂದು ಬೆಂಗಳೂರಿನಲ್ಲಿ ಮಾಡಿಸಿಕೊಂಡದ್ದಾದರೂ, ಆರನೆಯ ವರ್ಷದ ಸ್ಕ್ಯಾನಿಂಗಿಗೆ, ಹತ್ತನೆಯ ವರ್ಷದ ಎರಡನೆಯ ಆಪರೇಷನ್ನಿಗೆ ದುಡ್ಡು ಯಾರದು, ರಜೆ ಎಲ್ಲಿಯದು, ಆಗಿನ ಅವಳ ಮನೆಯವರು ಜೊತೆಗೆ ಬರುತ್ತಾರೆಯೇ? ಆ ಹೊತ್ತಿಗೆ ಅವಳಿಗೆ ಶಾಲೆಗೆ ಹೋಗುವ ಮಕ್ಕಳಿರುತ್ತಾರೆ.

ಜೊತೆಗೆ ಬರುವವರ ಮಾತು ಹಗುರವಲ್ಲ. 2022ರ ಮೇ ತಿಂಗಳಲ್ಲಿ ಕನ್ನಡ ಕಿರುತೆರೆಯ ಚೇತನಾ ರಾಜ್ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ಬೆಂಗಳೂರಿನಲ್ಲಿ ತೀರಿಕೊಂಡರು. ವಯಸ್ಸು 21. ಮಗಳು ತಮಗೆ ಹೇಳದೆ ಹೋಗಿದ್ದಳು ಎಂದು ಹೆತ್ತವರು ಅತ್ತರು. ಚಿಕಿತ್ಸೆ ಬೇರೆಯದು, ಗುಟ್ಟು ಒಂದೇ. ಹೇಳಿದರೆ ಬೈಯುತ್ತಾರೆ, ನಗುತ್ತಾರೆ ಎಂಬ ಹೆದರಿಕೆಯಲ್ಲಿ ಮಕ್ಕಳು ಒಬ್ಬರೇ ಹೋಗುತ್ತಾರೆ. ಅರಿವಳಿಕೆ ಕೊಡುವವರು ಯಾರು, ತುರ್ತು ನಿಗಾ ಘಟಕ ಇದೆಯೇ ಎಂದು ಕೇಳಲು ಪಕ್ಕದಲ್ಲಿ ಒಬ್ಬರೂ ಇರುವುದಿಲ್ಲ. ತಾಯಂದಿರೇ, ನಿಮಗೆ ಇದು ಸರಿಕಾಣದಿದ್ದರೂ ಕೇಳಿಸಿಕೊಳ್ಳಿ. ನೀವು ಬೇಡವೆಂದರೂ ಅವಳು ಹೋದಾಳು. ಹೋಗುವುದಾದರೆ ನೀವಿದ್ದೇ ಹೋಗಲಿ.

ನನ್ನ ಅಭಿಪ್ರಾಯ ಕೇಳುವವರಿಗೆ ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮದುವೆಯ ದಿನ ಗೊತ್ತುಮಾಡಿಕೊಂಡು, ಅದಕ್ಕೆ ಮೊದಲೇ ಆಗಿಬಿಡಲಿ ಎಂದು ಆಪರೇಷನ್ನಿಗೆ ದಿನ ಗೊತ್ತುಮಾಡಬೇಡಿ. ನೋಡಲು ಬಂದವರ ಪಿಸುಮಾತಿಗೆ ಉತ್ತರವಾಗಿ ಮೈ ಕೊಯ್ಯಿಸಿಕೊಂಡರೆ, ಆ ಗಂಡು ಹೋಗಿ ಇನ್ನೊಬ್ಬ ಬಂದಾಗ ಚೀಲ ಮಾತ್ರ ಅವಳಲ್ಲೇ ಉಳಿಯುತ್ತದೆ. ನೋಡಲು ಬರುವವರು ಯಾರೂ ಇಲ್ಲದ ವರ್ಷದಲ್ಲೂ ಬೇಕು ಅನ್ನಿಸುತ್ತಿದ್ದರೆ ಆಗ ಹೋಗಲಿ, ತಲೆಯೆತ್ತಿಕೊಂಡೇ ಹೋಗಲಿ.

ಹೋದ ಕಡೆ ಅವಳಿಗೆ ಸಲ್ಲಬೇಕಾದದ್ದೂ ಇದೆ. ಅಮೆರಿಕದಲ್ಲಿ 2021ರಿಂದ ಒಂದು ನಿಯಮವಿದೆ: ಅಪಾಯಗಳನ್ನೆಲ್ಲ ಬರೆದ ಪಟ್ಟಿಯನ್ನು ರೋಗಿಯ ಜೊತೆ ಕೂತು ಓದಿ, ಇಬ್ಬರೂ ರುಜು ಹಾಕುವ ಏರ್ಪಾಡಿಲ್ಲದ ಕಡೆಗೆ ಈ ಚೀಲಗಳನ್ನು ಮಾರುವಂತಿಲ್ಲ. ಅಂಥ ಹಾಳೆ ನಮ್ಮ ಹುಡುಗಿಯರ ಕೈಗೂ ಸಿಗಬೇಕು, ತಮಿಳಿನಲ್ಲೂ ಕನ್ನಡದಲ್ಲೂ, ಮನೆಗೆ ಒಯ್ದು ವಾರಗಟ್ಟಲೆ ಇಟ್ಟುಕೊಂಡು ಓದುವ ಹಾಗೆ. ಹಾಕಿದ ಚೀಲದ ಕಂಪನಿ, ಗಾತ್ರ, ಸಂಖ್ಯೆ ಬರೆದ ಕಾರ್ಡು ಅವಳ ಕೈಯಲ್ಲಿರಬೇಕು. ಉಚಿತವಾಗಿ ಹಾಕಿಕೊಡುವ ಸರ್ಕಾರ ಉಚಿತವಾಗಿ ತೆಗೆದುಕೊಡುವ ಭರವಸೆಯನ್ನೂ ಅದೇ ದಿನ ಬರೆದುಕೊಡಬೇಕು. ಆಮೇಲಿನ ಸ್ಕ್ಯಾನಿಂಗಿಗೆ ಅವಳು ಚೆನ್ನೈಗೆ ಅಲೆಯುವಂತಾಗಬಾರದು. ಸೇಲಂನಲ್ಲಿ ಮೋಹನ್ ಕುಮಾರಮಂಗಲಂ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ, ಧರ್ಮಪುರಿಯಲ್ಲೂ ಒಂದಿದೆ. ಬೆಳಿಗ್ಗೆ ಮೆಟ್ಟೂರಿನಲ್ಲಿ ಬಸ್ಸು ಹತ್ತಿದವಳು ಪರೀಕ್ಷೆ ಮುಗಿಸಿ ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಮನೆ ಸೇರುವಂತಿರಬೇಕು.