ಪ್ರಾಜೆಕ್ಟ್ ಟಾಪಿಕ್ ಬೋರ್‌ವೆಲ್‌ನಲ್ಲೇ ಇದೆ

ಏಳನೇ ಸೆಮಿಸ್ಟರ್ ಶುರುವಾಯಿತು ಅಂದರೆ ಸಾಕು, ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಪ್ರಶ್ನೆ: "ಪ್ರಾಜೆಕ್ಟ್ ಟಾಪಿಕ್ ಏನ್ ತಗೊಂಡ್ರಿ ಮಗಾ?" ಉತ್ತರಗಳೂ ಹೆಚ್ಚುಕಡಿಮೆ ಗೊತ್ತಿರೋವೇ. ಸ್ಮಾರ್ಟ್ ಡಸ್ಟ್‌ಬಿನ್, ಮುಖ ನೋಡಿ ಹಾಜರಿ ಹಾಕುವ ಕ್ಯಾಮೆರಾ, ಇನ್ಯಾವುದೋ ದೇಶದಲ್ಲಿ ಯಾರೋ ಅಳೆದಿಟ್ಟ ಡೇಟಾಸೆಟ್ ಇಳಿಸಿಕೊಂಡು ಮಾಡುವ ಪ್ರಿಡಿಕ್ಷನ್. ಮಾರ್ಕ್ಸ್ ಬರುತ್ತೆ, ಬೇಡ ಅನ್ನಲ್ಲ. ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಿಂದ ದಿನಾ ಬಸ್ ಹತ್ತಿ ಬರುವ ನಾವು, ಬ್ಯಾಗಿನ ಬಾಟಲಿಯಲ್ಲಿ ಒಂದು ದೊಡ್ಡ ಸಂಶೋಧನಾ ವಿಷಯವನ್ನೇ ಹೊತ್ತುಕೊಂಡು ಬರುತ್ತಿದ್ದೇವೆ. ಅದರ ಹೆಸರು ಜಿಯೋಕೆಮಿಸ್ಟ್ರಿ, ಭೂರಸಾಯನಶಾಸ್ತ್ರ.

"ಅದು ಜಿಯಾಲಜಿಯವರ ಸಬ್ಜೆಕ್ಟು, ನಮಗ್ಯಾಕೆ?" ಅಂತ ಕೇಳುವವರಿಗೆ ಮೊದಲು ಫ್ಲೋರೈಡಿನ ಕಥೆ ಹೇಳ್ತೀನಿ. ನಮ್ಮ ಕಡೆ ಕೆಲವು ಊರುಗಳಲ್ಲಿ ಹಲ್ಲಿನ ಮೇಲೆ ಕಂದು ಪಟ್ಟೆ ಇರುವವರನ್ನು ನೀವೂ ನೋಡಿರ್ತೀರಿ. ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಪರವಾಗಿಲ್ಲ ಅನ್ನುತ್ತದೆ ಐಎಸ್ 10500. ಇದು ಯಾವುದೋ ಕಾರ್ಖಾನೆ ಬಿಟ್ಟ ವಿಷ ಅಲ್ಲ, ನಮ್ಮ ಬಂಡೆಯದೇ ಕೊಡುಗೆ. ನಂದಿ ಬೆಟ್ಟದ ಸುತ್ತಲಿನ ಗ್ರಾನೈಟು ಸುಮಾರು 250 ಕೋಟಿ ವರ್ಷ ಹಳೆಯದು. ಅದರಲ್ಲಿರುವ ಬಯೋಟೈಟ್, ಅಪಟೈಟ್, ಫ್ಲೋರೈಟ್‌ನಂಥ ಖನಿಜಗಳಲ್ಲಿ ಫ್ಲೋರೈಡು ಕೂತಿದೆ. ನೀರು ಬಿರುಕುಗಳಲ್ಲಿ ಎಷ್ಟು ಕಾಲ ನಿಲ್ಲುತ್ತದೋ ಅಷ್ಟು ಹೆಚ್ಚು ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇದ್ದರೆ ಫ್ಲೋರೈಡು ಒಂದು ಮಟ್ಟ ದಾಟದಂತೆ ಅದು ಹಿಡಿದಿಡುತ್ತದೆ. ಆದರೆ ಒಣನಾಡಿನ ಕ್ಷಾರ ಗುಣದ ನೀರಿನಲ್ಲಿ ಕ್ಯಾಲ್ಸಿಯಂ ಸುಣ್ಣವಾಗಿ ಕೂತುಬಿಡುತ್ತದೆ, ಫ್ಲೋರೈಡಿಗೆ ತಡೆ ಇಲ್ಲದಂತಾಗುತ್ತದೆ. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ "ಇದೆಲ್ಲಿ ಉಪಯೋಗಕ್ಕೆ ಬರುತ್ತೆ" ಅಂತ ಗೊಣಗಿಕೊಂಡು ಓದಿದ ಸಾಲ್ಯುಬಿಲಿಟಿ ಪ್ರಾಡಕ್ಟ್ ನೆನಪಿದೆಯಾ? ಅದು ಉಪಯೋಗಕ್ಕೆ ಬರೋದು ಇಲ್ಲೇ. ತೆರೆದ ಬಾವಿ ಹೋಗಿ ಬೋರ್‌ವೆಲ್ ಬಂತು, ಬೋರ್‌ವೆಲ್ ಸಾವಿರ ಅಡಿ ದಾಟಿತು. ಆಳಕ್ಕೆ ಹೋದಷ್ಟೂ ನಾವು ಎತ್ತುತ್ತಿರುವುದು ಬಂಡೆಯ ಜೊತೆ ಹೆಚ್ಚು ಕಾಲ ಸಂಸಾರ ಮಾಡಿದ ನೀರನ್ನು.

ಯುರೇನಿಯಂ ವಿಷಯ ಇನ್ನೂ ಹೊಸದು. ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದ ವಿಜ್ಞಾನಿಗಳೂ ಇದ್ದ ತಂಡವೊಂದು ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲ ಪರೀಕ್ಷೆ ಮಾಡಿ 2021ರಲ್ಲಿ 'ಕರೆಂಟ್ ಸೈನ್ಸ್'ನಲ್ಲಿ ಪ್ರಕಟಿಸಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಆ ಹಳ್ಳಿಗಳಲ್ಲಿ ಬಹುಪಾಲು ಕಡೆ ಅದಕ್ಕಿಂತ ಜಾಸ್ತಿ ಸಿಕ್ಕಿತು. ಇದಕ್ಕೆ ಮೂರು ವರ್ಷ ಮೊದಲು, 2018ರಲ್ಲಿ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ರಾಜಸ್ಥಾನ, ಗುಜರಾತಿನ ಬಾವಿಗಳನ್ನು ನೋಡಿ, ಮೂಲ ಬಂಡೆಯೇ ಆದರೂ ಅಂತರ್ಜಲ ಕುಸಿತ ಮತ್ತು ನೈಟ್ರೇಟ್ ಸೇರುವಿಕೆ ಯುರೇನಿಯಂ ಹೊರಬರುವುದನ್ನು ಹೆಚ್ಚಿಸಬಹುದು ಅಂದಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟು ನಮ್ಮ ಟೊಮೇಟೊ, ದ್ರಾಕ್ಷಿ, ಹಿಪ್ಪುನೇರಳೆ ತೋಟಗಳಿಗೆ ಹಾಕುವ ಯೂರಿಯಾ ನೆನಪಿಸಿಕೊಳ್ಳಿ. ಹಳ್ಳಿಗಳಲ್ಲಿ ಬಳಸುವ ಫೀಲ್ಡ್ ಟೆಸ್ಟ್ ಕಿಟ್ ಫ್ಲೋರೈಡು, ನೈಟ್ರೇಟ್ ತೋರಿಸುತ್ತದೆ. ಯುರೇನಿಯಂ ತೋರಿಸುವುದಿಲ್ಲ.

ಈಗ ಇದಕ್ಕೆ ಎಚ್.ಎನ್. ವ್ಯಾಲಿ ಸೇರಿದೆ. (ಎಚ್.ಎನ್. ಅಂದರೆ ಹೆಬ್ಬಾಳ–ನಾಗವಾರ. ಗೌರಿಬಿದನೂರಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರ ಹೆಸರಲ್ಲ. ಆದರೆ ಮೇಷ್ಟ್ರು ಇದ್ದಿದ್ದರೆ ಈ ನೀರಿನ ಬಗ್ಗೆ ಖಂಡಿತ ಪ್ರಶ್ನೆ ಕೇಳುತ್ತಿದ್ದರು.) ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಒಂದು ಕಡೆಯವರು ಇದು ವಿಷ ಅಂತಾರೆ, ಮೂರನೇ ಹಂತದ ಸಂಸ್ಕರಣೆ ಮಾಡಿ ಅಂತ ಹೋರಾಟ ಮಾಡ್ತಾರೆ. ಇನ್ನೊಂದು ಕಡೆಯವರು ಬತ್ತಿದ ಬೋರ್‌ವೆಲ್‌ಗೆ ಜೀವ ಬಂತು ಅಂತಾರೆ. ಮೂರನೇ ಹಂತ ಬೇಕು ಅನ್ನುವುದೇ ನನ್ನ ಅಭಿಪ್ರಾಯ. ಆದರೆ ಎರಡೂ ಕಡೆಯವರ ಜಗಳದಲ್ಲಿ ಕೇಳದೇ ಉಳಿದ ಪ್ರಶ್ನೆ ಒಂದಿದೆ. ಕೆರೆಯಿಂದ ಇಂಗುವ ಈ ಹೊಸ ನೀರು ಆಳದ ಹಳೇ ನೀರಿನ ಜೊತೆ ಬೆರೆತಾಗ ಏನಾಗುತ್ತದೆ? ಫ್ಲೋರೈಡು ತೆಳುವಾಗಿ ಕಡಿಮೆಯಾಗಬಹುದು. ಅದೇ ನೀರಿನ ನೈಟ್ರೇಟು, ಬೈಕಾರ್ಬೊನೇಟು ಯುರೇನಿಯಂ ಅನ್ನು ಎಬ್ಬಿಸಲೂಬಹುದು. ಕೆರೆಗೆ ಹತ್ತಿರದ ಹತ್ತು ಬೋರ್‌ವೆಲ್, ದೂರದ ಹತ್ತು ಬೋರ್‌ವೆಲ್ ಆರಿಸಿ ಅಳೆಯದೆ ವೇದಿಕೆ ಮೇಲೆ ಕೂಗಿದರೆ ಉತ್ತರ ಸಿಗಲ್ಲ.

ಗೌರಿಬಿದನೂರಿನಲ್ಲಿ 1965ರಿಂದ ಭೂಕಂಪ ಮಾಪಕಗಳ ಸಾಲು ಇದೆ, ಪ್ರಪಂಚದ ಇನ್ನೊಂದು ಮೂಲೆಯಲ್ಲಿ ಅಣುಬಾಂಬ್ ಪರೀಕ್ಷೆ ಮಾಡಿದರೂ ಅದಕ್ಕೆ ಗೊತ್ತಾಗುತ್ತೆ. ಸೂರ್ಯನ ರೇಡಿಯೋ ಅಲೆ ಹಿಡಿಯುವ ದೂರದರ್ಶಕವೂ ಅಲ್ಲೇ ಇದೆ. ಅದೇ ತಾಲ್ಲೂಕಿನ ಒಂದು ಹಳ್ಳಿಯ ಬೋರ್‌ವೆಲ್ ನೀರಿನ ಹತ್ತು ವರ್ಷದ ಲೆಕ್ಕ ಬೇಕು ಅಂದರೆ ಯಾರ ಬಾಗಿಲು ತಟ್ಟಬೇಕು ಅಂತ ಊರಿನವರಿಗೆ ತಿಳಿಯುವುದಿಲ್ಲ.

ಕೆಲಸ ಎಲ್ಲ ಬ್ರಾಂಚಿಗೂ ಇದೆ. ಸಿವಿಲ್‌ನವರ ಎನ್ವಿರಾನ್‌ಮೆಂಟಲ್ ಲ್ಯಾಬಿನಲ್ಲಿ ಪಿಎಚ್ ಮೀಟರ್, ಟೈಟ್ರೇಷನ್ ಸಾಮಾನು ಇದ್ದೇ ಇರುತ್ತೆ. ಎಲೆಕ್ಟ್ರಾನಿಕ್ಸ್‌ನವರು ಕಡಿಮೆ ಖರ್ಚಿನ ಕಂಡಕ್ಟಿವಿಟಿ ಲಾಗರ್ ಮಾಡಬಹುದು. ಕಂಪ್ಯೂಟರ್ ಸೈನ್ಸ್‌ನವರಿಗೆ ಪ್ರೀಕ್ ಇದೆ, ಅಮೆರಿಕದ ಭೂಗರ್ಭ ಸಮೀಕ್ಷೆ ಉಚಿತವಾಗಿ ಕೊಡುವ ತಂತ್ರಾಂಶ, ನೀರು-ಖನಿಜದ ರಾಸಾಯನಿಕ ಲೆಕ್ಕ ಮಾಡುತ್ತೆ. ಮೆಕ್ಯಾನಿಕಲ್, ಕೆಮಿಕಲ್‌ನವರು ಊರಿನ ಶುದ್ಧ ನೀರಿನ ಘಟಕ ಹೊರಗೆ ಬಿಡುವ ಆರ್‌ಓ ರಿಜೆಕ್ಟ್ ನೀರಿನ ಬಗ್ಗೆ ತಲೆ ಕೆಡಿಸಿಕೊಳ್ಳಲಿ. ಕ್ಯಾನಿಗೆ ಶುದ್ಧ ನೀರು ಬಂತು ಸರಿ, ತೆಗೆದ ಫ್ಲೋರೈಡೆಲ್ಲ ಚರಂಡಿಗೆ ಹೋಗಿ ಮತ್ತೆ ಅದೇ ಮಣ್ಣಿಗೆ ಇಳಿಯುತ್ತಲ್ಲ?

ಆದರೆ ನೀರು ತರುವುದಕ್ಕೂ ಒಂದು ರೀತಿ ಇದೆ, ಕೋಲಾ ಬಾಟಲಿಯಲ್ಲಿ ತಂದರೆ ಆಗಲ್ಲ. ಮೋಟಾರ್ ಹಾಕಿ ಪೈಪಿನಲ್ಲಿ ನಿಂತ ನೀರು ಹೋಗುವವರೆಗೆ ಕಾಯಬೇಕು. ಪಿಎಚ್, ಉಷ್ಣತೆ, ಕಂಡಕ್ಟಿವಿಟಿ ಅಲ್ಲೇ ಅಳೆಯಬೇಕು. ಫ್ಲೋರೈಡಿಗೆ ಪ್ಲಾಸ್ಟಿಕ್ ಬಾಟಲಿ. ಯುರೇನಿಯಂಗೆ ಶೋಧಿಸಿ, ನೈಟ್ರಿಕ್ ಆಮ್ಲದ ಹನಿ ಹಾಕಿದ ಬೇರೆ ಬಾಟಲಿ. ಕೊನೆಗೆ ಧನ ಅಯಾನು, ಋಣ ಅಯಾನುಗಳ ಲೆಕ್ಕ ಸುಮಾರು 5 ಪರ್ಸೆಂಟ್ ಒಳಗೆ ತಾಳೆಯಾಗದಿದ್ದರೆ ಆ ರಿಪೋರ್ಟು ಕಸ.

ದುಡ್ಡು? ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆ ದಶಕಗಳಿಂದ ನಡೆಯುತ್ತಿದೆ, ಕಾಲೇಜಿನ ಮೂಲಕ ಅರ್ಜಿ ಹಾಕಬೇಕು. ಬೇಸಿಗೆಗೆ ಮೂರು ವಿಜ್ಞಾನ ಅಕಾಡೆಮಿಗಳ ರಿಸರ್ಚ್ ಫೆಲೋಶಿಪ್ ಇದೆ, ಎರಡು ತಿಂಗಳು ವಿಜ್ಞಾನಿಯೊಬ್ಬರ ಜೊತೆ ಕೆಲಸ. ಗೇಟ್‌ನಲ್ಲಿ 2021ರಿಂದ ಎನ್ವಿರಾನ್‌ಮೆಂಟಲ್ ಸೈನ್ಸ್ ಅಂಡ್ ಇಂಜಿನಿಯರಿಂಗ್ ಪೇಪರ್ ಬಂದಿದೆ, ಜಿಯಾಲಜಿ ಪೇಪರ್ ಮೊದಲಿಂದಲೂ ಇದೆ. ಗೋಲ್ಡ್‌ಶ್ಮಿಟ್ ಸಮ್ಮೇಳನ ಈ ಕ್ಷೇತ್ರದ ಜಾತ್ರೆ ಇದ್ದ ಹಾಗೆ, ಪ್ರತಿವರ್ಷ ನಡೆಯುತ್ತೆ, ವಿದ್ಯಾರ್ಥಿಗಳಿಗೆ ನೆರವೂ ಕೊಡುತ್ತಾರೆ. ಒಂದು ಮಾತು ಮುಚ್ಚಿಡಲ್ಲ: ಯುಪಿಎಸ್‌ಸಿಯ ಜಿಯೋ-ಸೈಂಟಿಸ್ಟ್ ಪರೀಕ್ಷೆಗೆ ಸಂಬಂಧಪಟ್ಟ ಸ್ನಾತಕೋತ್ತರ ಪದವಿ ಕೇಳುತ್ತಾರೆ, ಬರೀ ಬಿ.ಇ. ಸಾಲದು. ಕ್ಯಾಂಪಸ್ ಪ್ಲೇಸ್‌ಮೆಂಟಿಗೆ ಇದರಿಂದ ಪ್ಯಾಕೇಜ್ ಏರುತ್ತೆ ಅಂತಲೂ ಹೇಳಲಾರೆ.

ನನ್ನದೊಂದೇ ಷರತ್ತು. ಯಾರ ತೋಟದ ಬೋರ್‌ವೆಲ್‌ನಿಂದ ನೀರು ತಂದಿರೋ ಅವರಿಗೆ ಫಲಿತಾಂಶ ವಾಪಸ್ ಕೊಡಬೇಕು, ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ. "ನಿಮ್ಮ ನೀರಿನಲ್ಲಿ ಇಷ್ಟಿದೆ, ಮಿತಿ ಇಷ್ಟು, ಕುಡಿಯೋಕೆ ಬೇಡ, ಬಟ್ಟೆ ಒಗೆಯೋಕೆ ಪರವಾಗಿಲ್ಲ" ಅಂತ. ಒಂದು ಪ್ರತಿ ಪಂಚಾಯಿತಿಗೂ ಹೋಗಲಿ. ಜಾಸ್ತಿ ಬಂದರೆ ಹೇಳುವ ಮುಂಚೆ ಇನ್ನೊಂದು ಲ್ಯಾಬಿನಲ್ಲಿ ಮತ್ತೊಮ್ಮೆ ನೋಡಿಸಿ, ಸುಮ್ಮನೆ ಊರನ್ನು ಹೆದರಿಸಬಾರದು. ಹಳ್ಳಿಯವರು ಬೈಂಡಿಂಗ್ ಮಾಡಿದ ರಿಪೋರ್ಟಿನ ಮೇಲಿನ ಚಿನ್ನದ ಅಕ್ಷರ ಓದಲ್ಲ. ಶಿಡ್ಲಘಟ್ಟದ ರೀಲರ್‌ಗೆ ನೀರಿನ ಗಡಸುತನ ಗೊತ್ತಾದರೆ ನೂಲಿನ ಕೆಲಸಕ್ಕೂ ಸಹಾಯ, ಮನೆಯ ಅಜ್ಜಿಗೆ ಫ್ಲೋರೈಡು ಗೊತ್ತಾದರೆ ಮೊಮ್ಮಗುವಿಗೆ ಯಾವ ನೀರು ಅನ್ನುವುದು ಗೊತ್ತಾಗುತ್ತೆ.

ಮತ್ತೆ, ಏಳನೇ ಸೆಮಿಸ್ಟರ್‌ವರೆಗೆ ಕಾಯಬೇಡಿ. ಬೇಸಿಗೆಯಲ್ಲಿ ಒಂದು ಸುತ್ತು, ಮಳೆಗಾಲ ಮುಗಿದ ಮೇಲೆ ಇನ್ನೊಂದು ಸುತ್ತು ಅದೇ ಬೋರ್‌ವೆಲ್‌ಗಳ ನೀರು ತೆಗೆಯಬೇಕಾಗುತ್ತೆ. ಹಾಗಾಗಿ ಟೀಮ್ ಕಟ್ಟಿ, ಗೈಡ್ ಹತ್ತಿರ ಮಾತಾಡಿಕೊಳ್ಳುವುದು ಆರನೇ ಸೆಮಿಸ್ಟರಿನಲ್ಲೇ ಆಗಬೇಕು.