ಪಾದ್ರಿಗಳ ಪೊರಕೆಯೂ ನಮ್ಮ ಬೀದಿಗಳೂ

ಕ್ರೈಸ್ತ ಮಿಷನರಿಗಳು ಊರಿನ ಕೇರಿಯನ್ನು ಗುಡಿಸಿದರೆ ಅದನ್ನು ಸೇವೆಯೆನ್ನಬೇಕೋ ಮತಪ್ರಚಾರದ ಪೀಠಿಕೆಯೆನ್ನಬೇಕೋ ಎಂಬ ಚರ್ಚೆಯು ನಮ್ಮ ಜನರಲ್ಲಿ ಆಗಾಗ ಹುಟ್ಟುವುದುಂಟು. ಮಾರ್ಮನ್ನರೆಂದು ಖ್ಯಾತವಾದ ಅಮೆರಿಕದ ಸಭೆಯ ತರುಣ ಪ್ರಚಾರಕರು ಹಲವು ದೇಶಗಳಲ್ಲಿ ಹಳದಿ ಮೇಲಂಗಿ ತೊಟ್ಟು ನೆರೆಹೊರೆಯ ಕಸವನ್ನೆತ್ತುತ್ತಾರೆ. ಅವರನ್ನು ಮೆಚ್ಚುವವರೂ ಉಂಟು, ಹುಬ್ಬು ಗಂಟಿಕ್ಕುವವರೂ ಉಂಟು. ಈ ಪ್ರಶ್ನೆಯನ್ನು ಬಿಡಿಸಲು ಅಷ್ಟು ದೂರ ಹೋಗಬೇಕಾದುದಿಲ್ಲ. ಬೇಲೂರು, ಹಳೇಬೀಡು, ಅರಸೀಕೆರೆಗಳಿರುವ ಹಾಸನದ ಸೀಮೆಯಲ್ಲಿಯೇ ಇನ್ನೂರು ವರ್ಷಗಳ ಹಿಂದಿನ ನಿದರ್ಶನವೊಂದಿದೆ.

1792ರಲ್ಲಿ ಹಿಂದೂಸ್ಥಾನಕ್ಕೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಹಾಸನದ ಸಮೀಪದ ಸಾತಳ್ಳಿಯಲ್ಲಿ ಬಡ ಬೇಸಾಯಗಾರರಿಗೆ ನೆಲೆ ಕಲ್ಪಿಸಿದನು. ಜನರು ಅವನನ್ನು ದೊಡ್ಡಸ್ವಾಮಿಯವರೆಂದು ಕರೆದರು. ಸಿಡುಬು ಬಂದರೆ ಮಾರಿಯ ಮುನಿಸೆಂದು ಕೈಕಟ್ಟಿ ಕುಳಿತಿದ್ದ ಕಾಲದಲ್ಲಿ, 1803-04ರ ಸುಮಾರಿಗೆ, ಅವನು ಮೈಸೂರು ಸೀಮೆಯಲ್ಲಿ ಸಾವಿರಾರು ಜನರಿಗೆ ದೇವಿ ಹಾಕಿಸುವ ಕಾರ್ಯದಲ್ಲಿ ದುಡಿದನು. ನಮ್ಮ ಆಚಾರಗಳನ್ನು ಕುರಿತು ಅವನು ಬರೆದ ಗ್ರಂಥದಲ್ಲಿ ಕಟುವಾದ ಮಾತುಗಳು ಹೇರಳವಾಗಿವೆ. ಅವನ್ನೆಲ್ಲ ನಾವು ಒಪ್ಪುವವರಲ್ಲ. ಆದರೆ ಇದೇ ಮನುಷ್ಯನು 1823ರಲ್ಲಿ ಸ್ವದೇಶಕ್ಕೆ ಹಿಂದಿರುಗಿದನು; ಹಿಂದೂಗಳನ್ನು ನಿಜವಾಗಿ ಕ್ರೈಸ್ತರನ್ನಾಗಿಸುವುದು ಆಗದ ಮಾತೆಂದು ಆ ವರ್ಷವೇ ಪ್ರಕಟವಾದ ತನ್ನ ಪತ್ರಗಳಲ್ಲಿ ಬರೆದನು. ಬಂದ ಉದ್ದೇಶವು ಕೈಗೂಡಲಿಲ್ಲವೆಂದು ಅವನೇ ಸಾಕ್ಷಿ ನುಡಿದಿದ್ದಾನೆ. ದೇವಿ ಹಾಕಿಸಿಕೊಂಡು ಬದುಕಿದ ಮಕ್ಕಳಾದರೋ ಬದುಕಿದರು.

ದೇವಿ ಹಾಕುವುದಕ್ಕೂ ಬೀದಿ ಗುಡಿಸುವುದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಎರಡೂ ಅನ್ಯರ ಮೈಯನ್ನೂ ಅನ್ಯರ ಕೊಳೆಯನ್ನೂ ಮುಟ್ಟುವ ಕೆಲಸಗಳು. ನಮ್ಮಲ್ಲಿ ಕೊರತೆಯಿದ್ದದ್ದು ಇದರಲ್ಲಿಯೇ. ಶುಚಿತ್ವವನ್ನು ಬಲ್ಲದ ಜನಾಂಗ ನಮ್ಮದಲ್ಲ. ಮಡಿಯ ವಿಷಯದಲ್ಲಿ ನಮ್ಮನ್ನು ಮೀರಿಸುವವರಾರು? ಆದರೆ ಆ ಮಡಿ ಹೊಸ್ತಿಲ ಒಳಗೆ ನಿಲ್ಲುವುದು. ಹೊಸ್ತಿಲಾಚೆಯ ತಿಪ್ಪೆಯನ್ನು ಒಂದು ಜಾತಿಯವರ ಹಣೆಯಲ್ಲಿ ಬರೆದು, ಅವರನ್ನೇ ಅಶುಚಿಗಳೆಂದು ದೂರವಿಟ್ಟೆವು. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಔಷಧ ಕೊಡಲಾರಂಭಿಸಿದ ಜರ್ಮನ್ ಪಾದ್ರಿ ಮುಲ್ಲರ್ ಮುಂದೆ ಕುಷ್ಠರೋಗಿಗಳಿಗೂ ಆಶ್ರಯವನ್ನು ಕಟ್ಟಿದನು. ನಾವು ಮುಟ್ಟಲೊಲ್ಲದುದನ್ನು ಪರದೇಶೀಯನು ಮುಟ್ಟಿದನೆಂದು ಅವನ ಮೇಲೆ ಕೋಪಗೊಳ್ಳುವುದು ಯಾವ ನ್ಯಾಯ?

ಬಡತನವನ್ನು ಬಳಸಿಕೊಂಡು ಮತ ಕೊಳ್ಳುವುದನ್ನು ನಾವು ಒಪ್ಪೆವು. ಅಂತಹದು ನಡೆದರೆ ವಿಚಾರಿಸಲು ನ್ಯಾಯಸ್ಥಾನಗಳುಂಟು. ಸಂವಿಧಾನದ 25ನೆಯ ವಿಧಿಯು ಮತಪ್ರಚಾರದ ಹಕ್ಕನ್ನು ಕೊಡುವಾಗ ಅದನ್ನು ಸಾರ್ವಜನಿಕ ಆರೋಗ್ಯಕ್ಕೆ ಅಧೀನವಾಗಿಟ್ಟಿದೆ. ಕಸ ಗುಡಿಸುವವನು ಆ ಷರತ್ತನ್ನಂತೂ ಮುರಿಯಲಾರನು!

ಪರರಿಗಾಗಿ ಕಾಯದೆ ನಾವೇ ಪೊರಕೆ ಹಿಡಿದ ಉದಾಹರಣೆಗಳೂ ಇಲ್ಲದಿಲ್ಲ. 1901ರ ಕಲ್ಕತ್ತೆಯ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯವರು ಶೌಚಾಲಯವನ್ನು ತಾವೇ ಶುಚಿಮಾಡಿದರು. 1924ರಲ್ಲಿ ಅವರು ಅಧ್ಯಕ್ಷರಾಗಿದ್ದ ಬೆಳಗಾವಿಯ ಅಧಿವೇಶನದಲ್ಲಿ ಸ್ವಯಂಸೇವಕರು ಅದೇ ಕೆಲಸಕ್ಕೆ ನಿಂತರು. ಮಂಗಳೂರಿನ ರಾಮಕೃಷ್ಣ ಮಿಷನ್ನಿನವರು 2015ರಿಂದ ಭಾನುವಾರಗಳ ಶ್ರಮದಾನದಿಂದ ನಗರದ ಬೀದಿಗಳನ್ನು ಗುಡಿಸಿ ತೋರಿಸಿದರು. ಮಿಷನ್ ಎಂಬ ಪದವು ಒಂದೇ ಮತದ ಸ್ವತ್ತಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೋವಿನ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಜಗತ್ತಿನ ಜನ ಚೆನ್ನಕೇಶವನ ಮದನಿಕೆಯರನ್ನು ನೋಡಬರುವರು. ಬರುವ ದಾರಿಯ ಮೋರಿಯನ್ನೂ ನೋಡುವರು. ಅರಸೀಕೆರೆಯು ರೈಲುಗಳು ಕೂಡುವ ಊರು, ತೆಂಗು ಕೊಬ್ಬರಿಗಳ ಪೇಟೆ. ಕುಡಿದು ಎಸೆದ ಎಳನೀರಿನ ಬುರುಡೆಯಲ್ಲಿ ಮಳೆನೀರು ನಿಂತು ಒಂದೆರಡು ವಾರವಾದರೆ ಸಾಕು, ಡೆಂಗ್ಯೂ ಹರಡುವ ಸೊಳ್ಳೆ ಅದರಲ್ಲಿ ಬೆಳೆದು ಹಾರುವುದು. ಆ ಬುರುಡೆಯನ್ನು ಬೋರಲು ಹಾಕಲು ಪಾದ್ರಿಯೂ ಬೇಡ, ಸ್ವಾಮಿಯೂ ಬೇಡ.

ಉಪಾಧ್ಯಾಯ ಮಹಾಶಯರಿಗೆ ಒಂದು ಮಾತು. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿಯನ್ನು ನಾಡೆಲ್ಲ ಓದಿತು. ಆದುದರಿಂದ ಶ್ರಮದಾನವೆಂದು ಮಕ್ಕಳನ್ನು ಬೀದಿಗಿಳಿಸುವ ಮುನ್ನ ಪೊರಕೆಯನ್ನು ತಾವು ಹಿಡಿಯಬೇಕು, ತಮ್ಮ ಪಕ್ಕದಲ್ಲಿ ವಕೀಲರೂ ವರ್ತಕರೂ ನಿಲ್ಲಬೇಕು. ಮೋರಿಯ ಕೆಲಸಕ್ಕೆ ಮಕ್ಕಳನ್ನು ಮುಟ್ಟಿಸಲೇಬಾರದು. ಎತ್ತಿದ ಕಸಕ್ಕೆ ಪುರಸಭೆಯ ಬಂಡಿ ಅಂದೇ ಬರುವಂತೆ ಮೊದಲೇ ಗೊತ್ತುಮಾಡಿರಬೇಕು. ಇಲ್ಲವಾದರೆ ಸೋಮವಾರದ ಬೆಳಗ್ಗೆ ಆ ರಾಶಿಯನ್ನು ಮತ್ತೆ ಎತ್ತುವವರು ಪೌರಕಾರ್ಮಿಕರೇ.