ಹರಿಗೋಲು ಹತ್ತುವ ಮುನ್ನ

ಯೂರೋಪಿನ ರೈನ್, ಡ್ಯಾನ್ಯೂಬ್ ನದಿಗಳಲ್ಲಿ ವಾರಗಟ್ಟಲೆ ಪ್ರವಾಸ ಮಾಡಿಸುವ ಹಡಗುಗಳಿವೆ. ದೊಡ್ಡವು 135 ಮೀಟರ್‌ವರೆಗೂ ಉದ್ದ ಇರುತ್ತವೆ. ಅಗಲ ಮಾತ್ರ ಹನ್ನೊಂದೂವರೆ ಮೀಟರಿನೊಳಗೆ. ನದಿಯುದ್ದಕ್ಕೂ ನೀರಿನ ಮೆಟ್ಟಿಲುಗಳಂತೆ ಕಟ್ಟಿರುವ ಲಾಕ್‌ಗಳಲ್ಲಿ ತೂರಿ ಹೋಗಬೇಕಲ್ಲ, ಅದಕ್ಕೆ ಈ ಅಳತೆ. ತಗ್ಗಾದ ಸೇತುವೆ ಎದುರಾದರೆ ಹಡಗು ನಡೆಸುವವನ ಕೋಣೆಯನ್ನೇ ಕೆಳಗಿಳಿಸುತ್ತಾರೆ. ಊಟ, ಹಾಸಿಗೆ, ಸಂಗೀತ ಎಲ್ಲವೂ ಒಳಗೇ. ಆದರೆ ಹತ್ತಿದವರಿಗೆ ಮೊದಲು ಹೇಳಿಕೊಡುವುದು ಊಟದ ವೇಳೆಯನ್ನಲ್ಲ. ಲೈಫ್ ಜಾಕೆಟ್ ಎಲ್ಲಿದೆ, ಅಪಾಯವಾದರೆ ಎಲ್ಲಿ ಬಂದು ನಿಲ್ಲಬೇಕು ಎಂಬುದನ್ನು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಮಕ್ಕಳಿಗೆ ನದಿಯ ಪ್ರವಾಸ ಎಂದರೆ ಹರಿಗೋಲು. ಹಡಗಲಿಯವರಿಗೆ ಮೈಲಾರ, ಕುರುವತ್ತಿಯ ಬಳಿ ತುಂಗಭದ್ರೆ ಕಣ್ಣಿಗೆ ಬೀಳುತ್ತಾಳೆ. ಹರಪನಹಳ್ಳಿ ತಾಲ್ಲೂಕಿನ ಅಂಚಿನಲ್ಲೂ ಅವಳೇ ಹರಿಯುತ್ತಾಳೆ. ಹಗರಿಬೊಮ್ಮನಹಳ್ಳಿಯ ಕಡೆ ಅಣೆಕಟ್ಟಿನ ಹಿನ್ನೀರಿದೆ. ಕೂಡ್ಲಿಗಿ, ಕೊಟ್ಟೂರಿನ ಮಕ್ಕಳಿಗಾದರೋ ನೀರೆಂದರೆ ಕೆರೆ ಮತ್ತು ಬೋರ್‌ವೆಲ್. ಕೆರೆಯೂ ಎಲ್ಲ ವರ್ಷ ತುಂಬುವುದಿಲ್ಲ. ಹೀಗಾಗಿ ಈಜು ಬಾರದ ಹುಡುಗ, ಹುಡುಗಿಯರು ಮೊದಲ ಬಾರಿ ನೀರಿನ ಮೇಲೆ ಕೂರುವುದು ಶಾಲಾ ಪ್ರವಾಸದಲ್ಲಿ, ಹಂಪಿಯಲ್ಲೋ ಆನೆಗೊಂದಿಯ ಹತ್ತಿರದ ಸಣಾಪುರ ಕೆರೆಯಲ್ಲೋ. ಪ್ರವಾಸಕ್ಕೆ ದುಡ್ಡು ಕಟ್ಟುವಾಗ ಬಸ್ಸು ಯಾವುದು, ಊಟ ಎಲ್ಲಿ ಎಂದು ವಿಚಾರಿಸುವ ತಂದೆ-ತಾಯಿ ಹರಿಗೋಲಿನ ಬಗ್ಗೆ ವಿಚಾರಿಸುವುದು ಅಪರೂಪ.

ಹರಿಗೋಲು ನಿನ್ನೆ ಮೊನ್ನೆಯದಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್, ಬುಟ್ಟಿಯಂಥ ದುಂಡು ದೋಣಿಗಳಲ್ಲಿ ಜನ ಆನೆಗೊಂದಿಗೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನರನ್ನು ಹೊರುತ್ತಿದ್ದವು, ಬೇಕಾದರೆ ಕುದುರೆ, ಎತ್ತುಗಳನ್ನೂ. ಅವು ನೇರವಾಗಿ ಹೋಗದೆ ಸದಾ ಸುತ್ತುತ್ತಿದ್ದವು ಎಂಬುದನ್ನೂ ಆತ ಗಮನಿಸಿದ್ದ. ಈಗ ತೊಗಲು ಹೋಗಿ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ. ಕೆಲವು ಕಡೆ ಫೈಬರಿನವೂ ಬಂದಿವೆ. ಸುತ್ತುವುದು ಮಾತ್ರ ಹಾಗೆಯೇ ಇದೆ.

ಯಾಕೆ ಸುತ್ತುತ್ತದೆ? ಉದ್ದನೆಯ ದೋಣಿಗೆ ಮೂತಿ ಇದೆ, ಬಾಲ ಇದೆ. ತಳದ ಉದ್ದನೆಯ ದಿಂಡು ಅಡ್ಡಕ್ಕೆ ಜಾರದಂತೆ ನೀರನ್ನು ಹಿಡಿದುಕೊಳ್ಳುತ್ತದೆ. ದುಂಡು ಬುಟ್ಟಿಗೆ ಎಲ್ಲ ದಿಕ್ಕೂ ಒಂದೇ. ಒಂದು ಪಕ್ಕದಲ್ಲಿ ಹುಟ್ಟು ಹಾಕಿದರೆ ಮುಂದೆ ಹೋಗುವ ಬದಲು ತಿರುಗುತ್ತದೆ. ಅದಕ್ಕೇ ಅಂಬಿಗ ಮುಂದಿನ ಅಂಚಿನಲ್ಲಿ ಕೂತು ಹುಟ್ಟನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಾ ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾನೆ. ನೋಡುವುದಕ್ಕೆ ಸುಲಭ, ಹುಟ್ಟನ್ನು ಕೈಗೆ ತೆಗೆದುಕೊಂಡವರಿಗೆ ಗೊತ್ತು ಅದರ ಕಷ್ಟ.

ಅದು ತೇಲುವ ಲೆಕ್ಕವನ್ನು ಎಂಟನೆಯ ತರಗತಿಯ ಮಕ್ಕಳೂ ಮಾಡಬಹುದು. ಎಂಟು ಅಡಿ ಅಗಲದ ಹರಿಗೋಲು ಎಂದುಕೊಳ್ಳೋಣ. ಅಂದರೆ ತ್ರಿಜ್ಯ ಸುಮಾರು 1.2 ಮೀಟರ್, ತಳದ ವಿಸ್ತೀರ್ಣ ಸುಮಾರು ನಾಲ್ಕೂವರೆ ಚದರ ಮೀಟರ್. ಅದು ಒಂದೇ ಒಂದು ಸೆಂಟಿಮೀಟರ್ ಮುಳುಗಿದರೆ 45 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. 45 ಲೀಟರ್ ನೀರಿನ ತೂಕ 45 ಕಿಲೋ. ಆರ್ಕಿಮಿಡೀಸನ ನಿಯಮದಂತೆ ಅಷ್ಟೇ ತೂಕವನ್ನು ನೀರು ಎತ್ತಿ ಹಿಡಿಯುತ್ತದೆ. ಅಂದರೆ ಹೈಸ್ಕೂಲಿನ ಒಬ್ಬ ಹುಡುಗ ಹತ್ತಿದರೆ ಹರಿಗೋಲು ಒಂದು ಸೆಂಟಿಮೀಟರ್ ಇಳಿಯುತ್ತದೆ! ಹತ್ತು ಮಂದಿ ಹತ್ತಿದರೂ ಹತ್ತು ಸೆಂಟಿಮೀಟರ್. ತಳದ ಅಂಚು ಬಾಗಿರುವುದರಿಂದ ನಿಜದಲ್ಲಿ ಇನ್ನೂ ಸ್ವಲ್ಪ ಹೆಚ್ಚು ಇಳಿಯುತ್ತದೆ, ಅಷ್ಟೆ. ಬಂಡೆಗಳೇ ತುಂಬಿದ, ಮೊಣಕಾಲುದ್ದ ನೀರಿನ ಜಾಗಗಳಿರುವ ತುಂಗಭದ್ರೆಗೆ ಇದಕ್ಕಿಂತ ಒಳ್ಳೆಯ ದೋಣಿ ಇಲ್ಲ.

ಹಾಗಾದರೆ ಇಪ್ಪತ್ತು ಮಂದಿಯನ್ನು ಕೂರಿಸಿದರೇನು ಎಂದು ಯಾರಾದರೂ ಕೇಳಬಹುದು. ಈ ಲೆಕ್ಕ ಎಲ್ಲರೂ ಸಮನಾಗಿ, ತಳದಲ್ಲಿ ಕೂತಿದ್ದರೆ ಮಾತ್ರ ನಿಜ. ಫೋಟೋ ತೆಗೆಯಲು ನಾಲ್ವರು ಒಂದೇ ಬದಿಗೆ ವಾಲಿದರೆ ಆ ಅಂಚು ನೀರಿಗೆ ಇಳಿಯುತ್ತದೆ. ಎದ್ದು ನಿಂತರೆ ಗುರುತ್ವ ಕೇಂದ್ರ ಮೇಲಕ್ಕೇರಿ ಓಲಾಟ ಹೆಚ್ಚುತ್ತದೆ. ಅಂಚಿನ ಮೇಲಿಂದ ಒಂದು ಬಕೆಟ್ ನೀರು ಒಳಗೆ ಬಂತೆನ್ನಿ, ಅದು ತಗ್ಗಾದ ಬದಿಗೇ ಹರಿದು ಇನ್ನಷ್ಟು ವಾಲಿಸುತ್ತದೆ. ಜನ ಹೆಚ್ಚಿದ್ದಷ್ಟೂ ಅಂಚು ನೀರಿಗೆ ಹತ್ತಿರವಿರುತ್ತದೆ, ವಾಲುವುದಕ್ಕೆ ಬಿಟ್ಟ ಅವಕಾಶ ಕಡಿಮೆಯಾಗುತ್ತದೆ. ಹರಿಗೋಲು ತಾನಾಗಿ ಮಗುಚುವುದು ಕಡಿಮೆ. ಕೂತವರೇ ಅದನ್ನು ಮಗುಚುತ್ತಾರೆ.

2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಪ್ರವಾಸಿಗರ ದೋಣಿ ಮಗುಚಿ 45 ಜನ ಸತ್ತರು. ದಡದ ಪ್ರಾಣಿಗಳನ್ನು ನೋಡಲು ಜನ ಒಂದು ಬದಿಗೆ ಸರಿದರು ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. 2024ರ ಜನವರಿ 18ರಂದು ವಡೋದರದ ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿತು. ಹನ್ನೆರಡು ಮಕ್ಕಳು, ಇಬ್ಬರು ಶಿಕ್ಷಕಿಯರು ಮನೆಗೆ ಮರಳಲಿಲ್ಲ. ಮಿತಿಗಿಂತ ಹೆಚ್ಚು ಜನ ಹತ್ತಿದ್ದರು. ಎಲ್ಲರಿಗೂ ಲೈಫ್ ಜಾಕೆಟ್ ಇರಲಿಲ್ಲ. ಅದು ಪ್ರವಾಹದ ನದಿಯಲ್ಲ, ಊರೊಳಗಿನ ಕೆರೆ.

ಲೈಫ್ ಜಾಕೆಟ್ ಹಾಕಿಕೊಂಡರೆ ಸಾಲದು, ಅಳತೆಯದಾಗಿರಬೇಕು. ಮನುಷ್ಯನ ದೇಹದ ಸಾಂದ್ರತೆ ಹೆಚ್ಚು ಕಡಿಮೆ ನೀರಿನಷ್ಟೇ ಇರುವುದರಿಂದ ಮೂಗು ಬಾಯಿ ನೀರಿನ ಮೇಲಿರಲು ಕೆಲವೇ ಕಿಲೋಗಳಷ್ಟು ಹೆಚ್ಚಿನ ತೇಲುಬಲ ಸಾಕು. ಆ ಕೆಲಸವನ್ನು ಜಾಕೆಟ್ ಮಾಡುತ್ತದೆ. ಆದರೆ ದೊಡ್ಡವರ ಜಾಕೆಟ್ಟನ್ನು ಐದನೆಯ ತರಗತಿಯ ಹುಡುಗಿಗೆ ತೊಡಿಸಿದರೆ ಜಾಕೆಟ್ ತೇಲುತ್ತದೆ, ಹುಡುಗಿ ಕೆಳಗೆ ಜಾರುತ್ತಾಳೆ. ತೊಡಿಸಿ, ಪಟ್ಟಿಗಳನ್ನೆಲ್ಲ ಬಿಗಿದು, ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಬೇಕು. ಕಿವಿಯ ತನಕ ಬಂದರೆ ಅದು ಅವಳದಲ್ಲ. ಐವತ್ತು ಮಕ್ಕಳಿಗೆ ಹೀಗೆ ನೋಡುವುದಕ್ಕೆ ಹೊತ್ತು ಹಿಡಿಯುತ್ತದೆ, ಮೇಷ್ಟ್ರಿಗೆ ಸಂಜೆಯೊಳಗೆ ಇನ್ನೂ ನಾಲ್ಕು ದೇವಸ್ಥಾನ ತೋರಿಸಬೇಕಿರುತ್ತದೆ. ಒಂದು ದೇವಸ್ಥಾನ ಬಿಟ್ಟರೆ ನಷ್ಟವಿಲ್ಲ.

ಇನ್ನು ನದಿಯ ಮಾತು. 2018ರಲ್ಲಿ, 2022ರಲ್ಲಿ ರೈನ್ ನದಿ ಬತ್ತಿ, ಹಡಗಿನ ಪ್ರಯಾಣಿಕರನ್ನು ಅಲ್ಲಲ್ಲಿ ಬಸ್ಸಿನಲ್ಲಿ ಸಾಗಿಸಬೇಕಾಯಿತು. ಹಂಪಿಯಲ್ಲಿ ತೊಂದರೆ ಹೆಚ್ಚಾಗಿ ತಿರುಗುಮುರುಗು. ಮೇಲೆ ಹೊಸಪೇಟೆಯ ಅಣೆಕಟ್ಟಿದೆ. ಮಲೆನಾಡಿನಲ್ಲಿ ಮಳೆ ಸುರಿದು ಗೇಟು ತೆರೆದರೆ ಹಂಪಿಯಲ್ಲಿ ಬಿಸಿಲಿದ್ದರೂ ನದಿ ಉಕ್ಕುತ್ತದೆ. 50 ಸಾವಿರ ಕ್ಯೂಸೆಕ್ ಬಿಟ್ಟರು ಎಂದು ಪತ್ರಿಕೆಯಲ್ಲಿ ಓದಿದಾಗ ಮಕ್ಕಳು ಲೆಕ್ಕ ಹಾಕಲಿ: ಸೆಕೆಂಡಿಗೆ ಸುಮಾರು 14 ಲಕ್ಷ ಲೀಟರ್. ನೀರಿನ ವೇಗ ಎರಡು ಪಟ್ಟಾದರೆ ಅದರ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಅಂಬಿಗನ ತೋಳಿನ ಬಲ ಅಷ್ಟೇ ಇರುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟೇ ಮುರಿದು ಕೊಚ್ಚಿಹೋಯಿತು; ಯಾರೂ ತೆರೆಯದೆಯೂ ನೀರು ಹೊರಬಂತು. ನೀರು ಏರಿದಾಗ ಹರಿಗೋಲು ನಿಲ್ಲಿಸುತ್ತಾರೆ. ಅಂಥ ದಿನ ಒಂದು ಸುತ್ತಾದರೂ ಹಾಕಿಸಿ ಎಂದು ಅಂಬಿಗನಿಗೆ ದುಂಬಾಲು ಬೀಳಬಾರದು. ಈಜಬಲ್ಲವನೂ ಬಂಡೆಗಳ ನಡುವಿನ ಸುಳಿಯಲ್ಲಿ ಏನೂ ಮಾಡಲಾರ.

ನೀರು ಶಾಂತವಾಗಿರುವ ದಿನ ಹರಿಗೋಲಿನಂಥ ಸುಖ ಇನ್ನೊಂದಿಲ್ಲ. ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿಯ ಕಡೆಗಿನ ನದಿಭಾಗವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಅದೃಷ್ಟವಿದ್ದರೆ ಬಂಡೆಯ ಪಕ್ಕ ನುಣುಪಾದ ಒಂದು ತಲೆ ಕಂಡೀತು. ಮೊಸಳೆಗಳೂ ಇವೆ, ಆದ್ದರಿಂದ ಕೈ ಒಳಗಿರಲಿ. ಮಕ್ಕಳನ್ನು ಖುಷಿಪಡಿಸಲು ಅಂಬಿಗ ಬುಟ್ಟಿಯನ್ನು ಗಿರಗಿರ ತಿರುಗಿಸುವುದುಂಟು. ಒಳಗಿವಿಯ ಅರ್ಧವೃತ್ತ ನಾಳಗಳಲ್ಲಿನ ದ್ರವವೂ ಜೊತೆಗೇ ತಿರುಗತೊಡಗುತ್ತದೆ. ಬುಟ್ಟಿ ನಿಂತ ಮೇಲೂ ದ್ರವ ಕೂಡಲೇ ನಿಲ್ಲುವುದಿಲ್ಲ. ಬೆಟ್ಟ, ಬಂಡೆ, ಮೇಷ್ಟ್ರು ಎಲ್ಲರೂ ತಿರುಗುತ್ತಿರುವಂತೆ ಕಾಣುತ್ತದೆ. ಆಗ ಯಾರೂ ಏಳಬಾರದು. ಕೂತಲ್ಲೇ ಕೂತು ದೂರದ ಬೆಟ್ಟದ ತುದಿಯನ್ನು ದಿಟ್ಟಿಸಿದರೆ ಅರ್ಧ ನಿಮಿಷದಲ್ಲಿ ಸರಿಹೋಗುತ್ತದೆ. ಇಳಿಯುವಾಗಲೂ ಒಬ್ಬರಾದ ಮೇಲೆ ಒಬ್ಬರು. ಅಂಬಿಗ ಅಂಚನ್ನು ಹಿಡಿದು ನಿಂತ ಮೇಲೆ.